ಹುಷಾರಿಗೆ ನಾನು ಕೊಟ್ಟ ಮೂರು ಅರ್ಥ

ಕಾಲೇಜಿನ ಇಂಗ್ಲಿಷ್ ಅಧ್ಯಾಪಕ ಹುದ್ದೆಯಿಂದ ನಿವೃತ್ತನಾದ ಎರಡನೆಯ ವರ್ಷ, ಅಥವಾ ಮೂರನೆಯದು, ಬೈಂದೂರಿನಲ್ಲಿ ದೊಡ್ಡವರಿಗಾಗಿ ಭಾನುವಾರದ ಇಂಗ್ಲಿಷ್ ತರಗತಿ ನಡೆಸುತ್ತಿದ್ದೆ. ವರ್ಷ ಖಚಿತವಿಲ್ಲ, ನನ್ನ ನೆನಪನ್ನು ನಾನು ನಂಬದಂತಾದದ್ದೇ ಈ ಪ್ರಕರಣದಿಂದ. ಬ್ರಹ್ಮಾವರದ ಮನೆಯಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ಕಲಿಯುವವರು ಹನ್ನೊಂದು ಜನ. ಅವರಲ್ಲಿ ಇಬ್ಬರು ಒಂದೇ ಹೋಟೆಲಿನವರು: ಮಾಲೀಕರಾದ ಹೆರಿಯಣ್ಣ ಶೆಟ್ಟರು, ಅಲ್ಲಿ ಎಂಟು ವರ್ಷಗಳಿಂದ ಬನ್ಸ್, ಗೋಳಿಬಜೆ ಕರಿಯುತ್ತಿದ್ದ ಯಡ್ತರೆಯ ಜಲಜ.

ಎಣ್ಣೆಯ ಹೊಗೆಗೆ ಜಲಜರಿಗೆ ಉಬ್ಬಸ ಶುರುವಾಗಿತ್ತು. ಒಲೆಯ ಹತ್ತಿರ ಇನ್ನು ನಿಲ್ಲಬೇಡಿ ಎಂದು ವೈದ್ಯರು ಹೇಳಿದ್ದರು. ಕುಂದಾಪುರದ ಒಂದು ಶಾಲೆಯ ಬಸ್ಸಿನಲ್ಲಿ ಚಿಕ್ಕ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಕೆಲಸ ಖಾಲಿ ಇತ್ತು. ಅದಕ್ಕೆ ಈಗಿನ ಯಜಮಾನರಿಂದ ಗುಣನಡತೆಯ ಪತ್ರ ಬೇಕು. ಪ್ರಾಂಶುಪಾಲೆ ಹೊರರಾಜ್ಯದವರಾದ್ದರಿಂದ ಅದು ಇಂಗ್ಲಿಷಿನಲ್ಲೇ ಇರಬೇಕು. ಶೆಟ್ಟರು ತಾವೇ ಬರೆದುಕೊಟ್ಟರು. ನಾನು ಅದನ್ನು ನೋಡಿರಲಿಲ್ಲ. ವಿಚಾರಿಸುವುದಿದ್ದರೆ ಎಂದು ಜಲಜ ಅರ್ಜಿಯಲ್ಲಿ ನನ್ನ ಫೋನ್ ನಂಬರು ಕೊಟ್ಟಿದ್ದರು.

ಒಂದು ಮಂಗಳವಾರ ಪ್ರಾಂಶುಪಾಲೆಯ ಫೋನ್ ಬಂತು. ಪತ್ರದಲ್ಲಿ ಜಲಜ ‘ವೆರಿ ಕನ್ನಿಂಗ್’ ಎಂದಿದೆ, ಇಂಥವರ ಕೈಗೆ ಮಕ್ಕಳನ್ನು ಹೇಗೆ ಕೊಡುವುದು ಎಂದರು. ಕನ್ನಿಂಗ್ ಎಂದರೆ ಒಳಗೊಂದು ಹೊರಗೊಂದು ಇಟ್ಟುಕೊಂಡ ಬುದ್ಧಿವಂತಿಕೆ. ಕನ್ನಡದಲ್ಲಿ ಕಪಟಿ ಎನ್ನಬಹುದು. ಕ್ಲೆವರ್, ಅಂದರೆ ಜಾಣೆ, ಎಂದು ಬರೆಯಲು ಹೋಗಿ ತಪ್ಪಿರಬೇಕು ಎಂದೆ. ಹಾಗಿದ್ದರೆ ಬರೆದವರೇ ಶನಿವಾರದೊಳಗೆ ತಿದ್ದಿಕೊಡಲಿ, ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಫೋನ್ ಇಟ್ಟರು.

ಇಟ್ಟ ಮೇಲೆ ನನಗೆ ಬೇರೆಯೇ ಅನುಮಾನ ಹತ್ತಿತು. ಶೆಟ್ಟರು ಇಪ್ಪತ್ತು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದವರು. ಈ ಪದ ಅವರಿಗೆ ಗೊತ್ತಿಲ್ಲವೇ? ಜಲಜ ಹೋದರೆ ಅಂಥ ಕೈ ಅವರಿಗೆ ಮತ್ತೆ ಸಿಗುವುದಿಲ್ಲ. ಪತ್ರವನ್ನೂ ಕೊಟ್ಟಂತಾಯಿತು, ಒಂದು ಅಡ್ಜೆಕ್ಟಿವ್‌ನಲ್ಲಿ ದಾರಿಯನ್ನೂ ಮುಚ್ಚಿದಂತಾಯಿತು.

ಮರುದಿನ ಬೆಳಿಗ್ಗೆಯೇ ಹೋಟೆಲಿಗೆ ಹೋದೆ.

“ಬನಿ ಮಾಷ್ಟ್ರೆ, ಕೂಕಣಿ. ಇವತ್ತ್ ಭಾನುವಾರ ಅಲ್ದಲೆ?” ಎಂದರು ಶೆಟ್ಟರು.

“ಜಲಜರನ್ನು ಕನ್ನಿಂಗ್ ಅಂತ ಯಾಕೆ ಬರೆದಿರಿ?”

“ಹುಷಾರ್ ಅಂದೇಳಿ. ನೀವೇ ಹೇಳಿಕೊಟ್ಟದ್ದಲ್ದಾ?”

ನಾನು ಹಾಗೆ ಹೇಳಿಕೊಡಲು ಸಾಧ್ಯವೇ ಇಲ್ಲ ಎಂದೆ. ಅವರು ಕೌಂಟರಿನ ಕೆಳಗಿಂದ ನೋಟ್‌ಬುಕ್ ತೆಗೆದರು. ‘ಹುಷಾರು: ಕ್ಲೆವರ್, ಕನ್ನಿಂಗ್, ಕೇರ್‌ಫುಲ್’ ಎಂದಿತ್ತು. ನಡುವಿನ ಪದದ ಶಾಯಿ ತುಸು ದಟ್ಟವಾಗಿ ಕಂಡಿತು. ಆಮೇಲೆ ಸೇರಿಸಿರಬಹುದು. ಹೇಳಬಾರದಿತ್ತು, ಹೇಳಿಯೂಬಿಟ್ಟೆ.

ಶೆಟ್ಟರು ಸಿಟ್ಟಾಗಲಿಲ್ಲ. ಅಡುಗೆಮನೆಯತ್ತ ತಿರುಗಿ, “ಹ್ವಾಯ್ ಜಲಜ, ನಿನ್ ಪುಸ್ತಕ ತಕಂಡ್ ಬಾ. ಮಾಷ್ಟ್ರಿಗೆ ನನ್ ಮೇಲೆ ಡೌಟ್ ಅಂಬ್ರ್” ಎಂದರು.

ಜಲಜ ಎಣ್ಣೆಯ ಕೈ ಒರೆಸಿಕೊಂಡು ಪುಸ್ತಕ ತಂದರು. ಅದೇ ಮೂರು ಪದ, ಅದೇ ಕ್ರಮ. ಪಕ್ಕದಲ್ಲಿ ನನ್ನ ಕೆಂಪು ಟಿಕ್. ಅದರ ಕೆಳಗೆ ನನ್ನದೇ ಕೈಬರಹದ ಉದಾಹರಣೆ: ‘ದಿ ಫಾಕ್ಸ್ ಈಸ್ ಕನ್ನಿಂಗ್, ನರಿ ಹುಷಾರು.’ ನನಗೆ ಏನೇನೂ ನೆನಪಾಗಲಿಲ್ಲ. ಇವತ್ತಿಗೂ ಆಗುವುದಿಲ್ಲ. ಅಕ್ಷರ ಮಾತ್ರ ನನ್ನದು.

ತಪ್ಪು ನನ್ನದೇ ಎಂದು ಒಪ್ಪಿ, ಕ್ಲೆವರ್ ಎಂದು ತಿದ್ದಿಕೊಡಲು ಹೇಳಿದೆ. ಶೆಟ್ಟರು ಪೆನ್ನು ಎತ್ತಿದವರು ಬರೆಯಲಿಲ್ಲ. ಈಗ ಅನುಮಾನ ಅವರದು.

“ಈ ಕ್ಲೆವರ್ ಸಮಾ ಇತ್ತಾ ಕಾಣಿ. ನೀವ್ ಹೇಳಿದ್ ಬರುಕೆ ಈಗ ನಂಗ್ ಹೆದ್ರಿಕೆ.”

ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ. “ನೀವು ಏನು ನೋಡಿ ಹುಷಾರು ಅಂದದ್ದು?”

“ಹೋಟ್ಲಿಗ್ ಬಪ್ಪೋರ ಮಕ್ಳೆಲ್ಲ ಬಾಣಲೆ ಬದಿಗೇ ಓಡುದ್. ಎಂಟ್ ವರ್ಷದಗೆ ಒಂದ್ ಮಗಿಗೂ ಒಂದ್ ಹನಿ ಎಣ್ಣಿ ತಾಗುಕೆ ಬಿಡ್ಲಿಲ್ಲ. ಕಣ್ಣ್ ಬಾಣಲೆ ಮೇಲಿದ್ರೂ ಒಂದ್ ಕೈ ಮಕ್ಳ್ ಬದಿಗೇ.”

ಜಲಜ ನಕ್ಕರು. “ಬುದ್ಧಿವಂತೆ ಆಯಿದ್ರೆ ಎಂಟ್ ವರ್ಷ ಇವ್ರ್ ಹೋಟ್ಲಗ್ ಇರ್ತಿದ್ನಾ ಮಾಷ್ಟ್ರೆ?”

ಬೇಕಿದ್ದದ್ದು ಮೂರನೆಯ ಪದ: ಕೇರ್‌ಫುಲ್, ಎಚ್ಚರದವಳು. ನನ್ನ ಎಂ.ಎ. ಪದವಿ ಅವಸರದಲ್ಲಿ ಮತ್ತೊಂದು ತಪ್ಪು ಪದವನ್ನು ಕೊಡಹೊರಟಿತ್ತು. ಶೆಟ್ಟರು ಹೊಸ ಪತ್ರ ಬರೆದರು. ಬಾಣಲೆಯ ಸಂಗತಿಯನ್ನೂ ಮೂರು ಸಾಲಿನಲ್ಲಿ ಸೇರಿಸಿದರು. ಶುಕ್ರವಾರ ನಾನೇ ಒಯ್ದು, ಮೊದಲಿನ ಪದ ನನ್ನ ಪಾಠದ ದೋಷ ಎಂದೆ. ಪ್ರಾಂಶುಪಾಲೆ ನನ್ನನ್ನು ನಂಬಿದರೆಂದು ಅನಿಸಲಿಲ್ಲ. ಆದರೆ ಆ ಮೂರು ಸಾಲನ್ನು ಎರಡು ಸಲ ಓದಿ, ಸೋಮವಾರದಿಂದ ಬರಲಿ ಎಂದರು.

ಅಂದಿನಿಂದ ಒಂದು ಪದಕ್ಕೆ ಮೂರು ಅರ್ಥ ಬರೆಸುವುದನ್ನು ನಿಲ್ಲಿಸಿದೆ. ಯಾರಾದರೂ ಅಡ್ಜೆಕ್ಟಿವ್ ಕೇಳಿದರೆ, ನೀವು ಕಂಡದ್ದೇನು ಎಂದು ಮೊದಲು ಕೇಳುತ್ತೇನೆ.

ಮುಂದಿನ ಭಾನುವಾರ ಜಲಜರ ಪುಸ್ತಕ ಕೇಳಿದೆ, ಆ ಕೆಂಪು ಟಿಕ್ ಹೊಡೆದುಹಾಕಲು. ಅವರು ಕೊಡಲಿಲ್ಲ.

“ಅದ್ ಹಾಂಗೇ ಇರ್ಲಿ ಮಾಷ್ಟ್ರೆ. ನಾಳೆ ನೀವ್ ‘ನಾನ್ ಹೇಳಿಕೊಡ್ಲೇ ಇಲ್ಲ’ ಅಂದ್ರೆ?”