ಓಟಕ್ಕೆ ಮುಂಚೆ ಬರೆದ ಹೆಸರು

ಮೊನ್ನೆ ಮಗಳು ಚಿತ್ರಕಲೆ ಪರೀಕ್ಷೆಗೆಂದು ತಂದಿದ್ದ ಕಪ್ಪು ಮಸಿಯ ಬಾಟಲಿ ಚಾಪೆಯ ಮೇಲೆ ಉರುಳಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೈಯಲು ಬಾಯಿ ತೆರೆದವಳು ಆ ವಾಸನೆಗೆ ಬೈಗುಳವನ್ನೇ ಮರೆತೆ. ಯಲಬುರ್ಗಾದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಕುಳಿತಲ್ಲೆಲ್ಲ ಇದೇ ವಾಸನೆ ಇರುತ್ತಿತ್ತು...

ಕಾಕಾ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಟಾಕಿನ ಲೇಖನಿಯನ್ನು ಮಸಿಯಲ್ಲಿ ಅದ್ದಿ ಬರೆದರೆ ಅಕ್ಷರ ಮುತ್ತು ಪೋಣಿಸಿದಂತೆ. ಹಾಗಾಗಿ ಸುತ್ತಮುತ್ತ ಯಾವ ಕ್ರೀಡಾಕೂಟವಿದ್ದರೂ ಪ್ರಮಾಣಪತ್ರಗಳಲ್ಲಿ ಹೆಸರು ತುಂಬಲು ಅವರಿಗೇ ಕರೆ. ಹೋದಲ್ಲೆಲ್ಲ ಗೆದ್ದವರಿಂದ ಒಂದು ರಟ್ಟಿನ ಪುಸ್ತಕದಲ್ಲಿ ಹಸ್ತಾಕ್ಷರ ಹಾಕಿಸಿಕೊಳ್ಳುತ್ತಿದ್ದರು. ಸಹಿ ಗೀಚಿದರೆ ಒಪ್ಪುತ್ತಿರಲಿಲ್ಲ. "ಇದೇನ್ರಿ, ಹಾವು ಹರದಂಗ ಐತಿ. ಹೆಸರು, ಊರು ಪೂರಾ ಬರೀರಿ," ಎನ್ನುವರು. ಗಂಗಾವತಿಯ ಕಬಡ್ಡಿ ಆಟಗಾರನೊಬ್ಬ, ಏಳು ಜನರ ನಡುವೆ ನಗುತ್ತ ನುಗ್ಗುತ್ತಿದ್ದವನು, ಈ ಪುಸ್ತಕದ ಮುಂದೆ ಬೆವೆತದ್ದನ್ನು ನಾನೇ ನೋಡಿದ್ದೇನೆ. ಕುಷ್ಟಗಿಯ ಗುಂಡು ಎಸೆಯುವ ಹುಡುಗಿ ಮಾತ್ರ ಒನಕೆಯಂಥ ಕೈಯಿಂದ ಎಷ್ಟು ದುಂಡಗೆ ಬರೆದಿದ್ದಳೆಂದರೆ, ಕಾಕಾ ಅದನ್ನು ಓಣಿಗೆಲ್ಲ ತೋರಿಸಿ ಬಂದಿದ್ದರು.

ನನಗೂ ಆ ಪುಸ್ತಕದಲ್ಲಿ ಹೆಸರು ಬರೆಯುವ ಹುಚ್ಚು ಹತ್ತಿತು. ನಾನು ನಾನೂರು ಮೀಟರ್ ಓಡುತ್ತಿದ್ದೆ. ಮುಂಜಾನೆ ಓಟ, ಸಂಜೆ ಕಾಕಾರ ಕಟ್ಟೆಯ ಮೇಲೆ ಕಾಪಿ ಬರೆಯುವುದು. ಏನು ಮಾಡಿದರೂ ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು.

"ಅಕ್ಷರ ಹೆಂಗರ ಇರಲಿ, ಮೊದಲ್ನೇ ನಂಬರ್ ಬಾ, ಬರಸ್ಕೋತೀನಿ. ಎರಡನೇದವ್ರಿಗೆ ಇದರಾಗ ಜಾಗ ಇಲ್ಲ ನೋಡವ್ವ," ಎಂದಿದ್ದರು.

ಕೊಪ್ಪಳ ಜಿಲ್ಲೆಯಾದ ಮರುವರ್ಷ ನಾನು ಒಂಬತ್ತನೆಯ ತರಗತಿ. ತಾಲ್ಲೂಕು ಕ್ರೀಡಾಕೂಟ ನಮ್ಮೂರಲ್ಲೇ ಇತ್ತು. ಹೊಸ ಜಿಲ್ಲೆಯ ಹೆಸರು ಅಚ್ಚಾದ ಪ್ರಮಾಣಪತ್ರದ ಹಾಳೆಗಳು ಬೇಕಾದಷ್ಟೇ ಬಂದಿದ್ದವು, ಒಂದೂ ಹೆಚ್ಚಿಗೆ ಇರಲಿಲ್ಲ. ಕೊನೆಯ ತಿರುವಿನ ತನಕ ನಾನೇ ಮುಂದೆ. ಅಲ್ಲಿಂದ ತಳಕಲ್ಲು ಗ್ರಾಮದ ಹುಡುಗಿಯೊಬ್ಬಳು ಬರಿಗಾಲಲ್ಲಿ ನನ್ನನ್ನು ದಾಟಿ ಹೋಗೇಬಿಟ್ಟಳು.

ಅಳುತ್ತ ಕಾಕಾರ ಮೇಜಿನ ಹತ್ತಿರ ಹೋದೆ. ಅವರು ಗಡಬಡಿಸಿ ಏನನ್ನೋ ಮುಚ್ಚಿಟ್ಟರು. ಕಿತ್ತುಕೊಂಡು ನೋಡಿದರೆ ಪ್ರಥಮ ಸ್ಥಾನದ ಪ್ರಮಾಣಪತ್ರ, ಅದರಲ್ಲಿ ನನ್ನ ಹೆಸರು. ನನ್ನ ಹೆಸರು ಅಷ್ಟು ಚೆಂದವಿದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

"ನೀನ ಗೆಲ್ತಿ ಅಂತ ಮುಂಜಾನೆ ಅರ್ಧ ತಾಸು ಕುಂತು ಬರದಿಟ್ಟಿದ್ನೆವ್ವಾ," ಎಂದರು.

"ನನಗ ಕೊಡ್ರಿ ಕಾಕಾ. ಟ್ರಂಕಿನ್ಯಾಗ ಇಟ್ಕೋತೀನಿ, ಯಾರಿಗೂ ತೋರ್ಸೂದಿಲ್ಲ."

"ಎಷ್ಟು ಚಂದ ಬರದ್ರೂ ಸುಳ್ಳು ಸುಳ್ಳೇ," ಎಂದು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡರು. ಹರಿಯುವಾಗ ಅವರ ಮುಖವೂ ಸಪ್ಪಗಾಗಿತ್ತು. ಹಾಳೆ ಹಾಳು ಮಾಡಿದ್ದಕ್ಕೆ ಉಸ್ತುವಾರಿ ಮಾಸ್ತರರು ಎಲ್ಲರೆದುರೇ ಬೈದರು. ಗೆದ್ದ ಹುಡುಗಿ ಅವತ್ತು ಬರಿಗೈಯಲ್ಲಿ ಊರಿಗೆ ಹೋದಳು.

ಮುಂದಿನ ವಾರ ಕಾಕಾ ಕೊಪ್ಪಳಕ್ಕೆ ಹೋಗಿ ಬೇರೊಂದು ಹಾಳೆ ತಂದು, ಅವಳ ಹೆಸರು ಬರೆದು, ತಳಕಲ್ಲಿಗೆ ಹೊರಟರು. ನನ್ನನ್ನೂ ಬಸ್ಸು ಹತ್ತಿಸಿದರು. ಹೊಟ್ಟೆಯುರಿ ಹೊತ್ತುಕೊಂಡೇ ಹೋದೆ. ಹುಡುಗಿಯ ಅವ್ವ ನಮಗೆ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರು. ಹುಡುಗಿ ಪುಸ್ತಕದಲ್ಲಿ ಹೆಸರು ಬರೆದಳು. ಅವಳ ಅಕ್ಷರ ನನ್ನದಕ್ಕಿಂತ ಕೆಟ್ಟದಾಗಿತ್ತು. ವಾಪಸು ಬರುವಾಗ ನನಗೆ ಅದೊಂದೇ ಸಮಾಧಾನ.

ಮರುವರ್ಷ ಗೆದ್ದೆ. ನಾನು ಗೆರೆ ದಾಟುವ ತನಕ ಕಾಕಾ ಮಸಿ ಬಾಟಲಿಯ ಮುಚ್ಚಳವನ್ನೇ ತೆಗೆದಿರಲಿಲ್ಲವಂತೆ. ಸುತ್ತ ಗದ್ದಲ, ಎಲ್ಲರಿಗೂ ಅವಸರ. ಎರಡು ನಿಮಿಷದಲ್ಲಿ ನನ್ನ ಪ್ರಮಾಣಪತ್ರ ಬರೆದು ಮುಗಿಸಿ, ಪುಸ್ತಕವನ್ನು ನನ್ನತ್ತ ಸರಿಸಿದರು. ಹೆಸರು, ಊರು ಪೂರಾ ಬರೆದೆ. ಕಾಕಾ ಕನ್ನಡಕ ಏರಿಸಿ ನೋಡಿ, "ಓದಾಕ ಬರ್ತೈತಿ, ಸಾಕು," ಎಂದು ನಕ್ಕರು.

ಕಾಕಾ ತೀರಿಕೊಂಡು ಬಹಳ ವರ್ಷವಾಯಿತು. ಪುಸ್ತಕ ಎಲ್ಲಿ ಹೋಯಿತೋ, ಅವರ ಮನೆಯವರಿಗೂ ತಿಳಿಯದು... ಗೆದ್ದ ವರ್ಷದ ಪ್ರಮಾಣಪತ್ರ ನಮ್ಮ ಗೋಡೆಯ ಮೇಲಿದೆ. ಚಾಪೆ ಒರೆಸುತ್ತ ಮಗಳು ಅದನ್ನು ನೋಡಿ, "ಎಷ್ಟು ಛಲೋ ಬರದಾರಲ್ಲವ್ವ," ಎಂದಳು. ಇದಕ್ಕಿಂತ ಛಲೋದು ಇನ್ನೊಂದಿತ್ತು ಎಂದೆ. ಅಂದು ಅದು ಹರಿದುಹೋದಾಗ ಸೋತೆನೆಂದು ಅತ್ತಿದ್ದೆ. ಈಗ ಅದು ಬೇಕೆನಿಸುವುದು ಗೆಲುವಿಗಲ್ಲ. ಗೆದ್ದ ಮೇಲೆ ನನ್ನ ಹೆಸರು ಬರೆದವರು ಆಮೇಲೆ ಎಷ್ಟೋ ಮಂದಿ ಸಿಕ್ಕರು. ಓಡುವ ಮೊದಲೇ ಅರ್ಧ ತಾಸು ಕುಳಿತು ಬರೆದವರು ಕಾಕಾ ಒಬ್ಬರೇ.