ನಿಂತು ಬರೆದ ವರದಿ

ಹಲಸೂರಿನಲ್ಲಿ ಕಾರ್ಖಾನೆ ನೌಕರರಿಗೆ ಸಂಜೆ ಹೊತ್ತು ವರದಿ ಬರೆಯುವುದನ್ನು ಕಲಿಸುತ್ತಿದ್ದೆ. ನೆಟ್ಟಗೆ ಕೂತೇ ಬರೆಯಬೇಕೆಂಬುದು ನನ್ನ ಕಾನ್ವೆಂಟ್ ಕಾಲದ ನಿಯಮ. ಲೇತ್ ಮೆಷಿನ್ ನಡೆಸುತ್ತಿದ್ದ ಮುನಿರಾಜಪ್ಪನವರು ಪರೀಕ್ಷೆಯಲ್ಲಿ ವರದಿ ಬರೆದು ಪಾಸಾದರೆ ಮಾತ್ರ ಸೂಪರ್‌ವೈಸರ್ ಆಗುತ್ತಿದ್ದರು. ಮೂರು ವಾರವಾದರೂ ಅವರ ಹಾಳೆ ಖಾಲಿ.

"ಕೂತ್ರೆ ಏನೂ ಹೊಳೆಯಲ್ಲ ಸಾರ್. ಇಪ್ಪತ್ತು ವರ್ಷ ನಿಂತೇ ಕೆಲಸ ಮಾಡಿದೋನು ನಾನು. ನಿಂತ್ಕೊಂಡು ಬರೀಲಾ?"

"ಇದೇನ್ರೀ, ಮದುವೆ ಮನೆ ಬಫೆನಾ?" ಎಂದು ಗದರಿದೆ. ಆದರೂ ಕಿಟಕಿಯ ಕಟ್ಟೆ ತೋರಿಸಿದೆ. ಅರ್ಧ ಗಂಟೆಯಲ್ಲಿ ಎರಡು ಪುಟ ತುಂಬಿಸಿ ಕೊಟ್ಟರು. ನನ್ನ ಕೆಂಪು ಪೆನ್ನಿಗೆ ಹೆಚ್ಚು ಕೆಲಸವಿರಲಿಲ್ಲ.

"ಪರೀಕ್ಷೆ ಹಾಲ್‌ನಲ್ಲಿ ನಿಂತ್ಕೊಳ್ಳೋಕೆ ಬಿಡ್ತಾರಾ ಸಾರ್?"

"ನಾನು ಪತ್ರ ಬರ್ಕೊಡ್ತೀನಿ," ಎಂದು ಕೂತೆ. ಎಷ್ಟು ಹೊತ್ತಾದರೂ ಮೊದಲ ಸಾಲೇ ಹೊಳೆಯಲಿಲ್ಲ. ಮುನಿರಾಜಪ್ಪನವರು ಕಿಟಕಿಯ ಕಟ್ಟೆಯ ಹತ್ತಿರ ಸ್ವಲ್ಪ ಸರಿದು ನನಗೂ ಜಾಗ ಮಾಡಿದರು.