ಭಾನುವಾರದ ಕಲ್ಲಿದ್ದಲು
ಸೈಲೀಷಿಯಾದ ನಮ್ಮ ಗಣಿ ಕಾಲೊನಿಯಲ್ಲಿ ಎಲ್ಫ್ರೀದಾ ಅಜ್ಜಿಯ ಮನೆಯಲ್ಲಿ ಕಸದ ಬುಟ್ಟಿಯೇ ಇಲ್ಲ. ಅದರ ಕೆಲಸವನ್ನೂ ಮನೆ ಬೆಚ್ಚಗಿಡುವ ಒಲೆಯೇ ಮಾಡುತ್ತದೆ. ಹಾಲಿನ ರಟ್ಟಿನ ಡಬ್ಬಿ, ಮೊಸರಿನ ಪ್ಲಾಸ್ಟಿಕ್ ಲೋಟ, ಬಣ್ಣ ಬಳಿದ ಕುರ್ಚಿಯ ಕಾಲು, ಸತ್ತ ಗಂಡನ ಗಣಿ ಬೂಟು, ಎಲ್ಲವೂ ಅದರ ಹೊಟ್ಟೆ ಸೇರಿವೆ. ಒಳಗೆ ಹೋದರೆ ತನ್ನನ್ನೂ ತುರುಕಿಬಿಟ್ಟಾಳೆಂದು ಅಂಚೆಯವನು ಹೊಸ್ತಿಲಿನಿಂದಲೇ ಕಾಲ್ಕೀಳುತ್ತಾನೆ. "ಅಜ್ಜೀ, ಇದು ಹೊಗೆಯಲ್ಲ, ವಿಷ" ಎಂದರೆ, "ಹೋಗೋ! ನನ್ನ ಗಂಡ ಜೀವಮಾನವೆಲ್ಲ ನೆಲದೊಳಗೆ ಮಸಿ ಕುಡ್ದ. ನಿಂಗೆ ಇಷ್ಟು ಹೊಗೆಗೇ ಕೆಮ್ಮು ಬಂತಾ?" ಎಂದು ಗದರುತ್ತಾಳೆ. ಶನಿವಾರ ಶನಿವಾರ ಕಿಟಕಿಯ ಬಿಳಿ ಪರದೆ ಒಗೆಯುತ್ತಾ, ಅದಕ್ಕೆ ಹತ್ತಿದ ಮಸಿಗಾಗಿ ಪಕ್ಕದ ಮನೆಯ ಚಿಮಣಿಗೆ ಶಾಪ ಹಾಕುತ್ತಾಳೆ. ಹಾಗಾದರೆ ಗಂಡನ ಪಾಲೆಂದು ಗಣಿಯವರು ಪ್ರತಿ ವರ್ಷ ಕೊಡುವ ಒಳ್ಳೆಯ ಕಲ್ಲಿದ್ದಲು ಎಲ್ಲಿ ಹೋಗುತ್ತದೆ? ಮೊನ್ನೆ ಆಲೂಗಡ್ಡೆ ಮೂಟೆ ಎತ್ತಿಕೊಡಲು ಅವಳ ನೆಲಮಾಳಿಗೆಗೆ ಇಳಿದಾಗ ಕಂಡೆ: ಸೂರು ಮುಟ್ಟುವಷ್ಟು ರಾಶಿ, ಮೇಲೊಂದು ಒಗೆದ ದುಪ್ಪಟಿ. "ಅದನ್ನ ಮುಟ್ಬೇಡ ಕಣೋ. ಮೊಮ್ಮಗಳು ಕಿಂಗಾಗೆ ಉಬ್ಬಸ. ಅವಳು ಭಾನುವಾರ ಬಂದಾಗ ಉರಿಸೋಕೆ ಅಂತ ಇಟ್ಟಿದೀನಿ, ಅದ್ರಲ್ಲಿ ಹೊಗೆ ಕಮ್ಮಿ" ಎಂದಳು. ಕಿಂಗಾಳನ್ನು ನಾವು ಕಂಡು ಎರಡು ಚಳಿಗಾಲವಾಗಿತ್ತು. "ಯಾಕಜ್ಜೀ ಬರ್ತಿಲ್ಲ?" ಎಂದೆ. "ಈ ಬೀದೀಲಿ ಮಗೂಗೆ ಉಸಿರಾಡೋಕೆ ಆಗಲ್ಲ ಅಂತ ಅವರಮ್ಮ ಕಳಿಸ್ತಿಲ್ಲ" ಎನ್ನುತ್ತಾ ಅಜ್ಜಿ ದುಪ್ಪಟಿಯ ಅಂಚು ಸರಿಪಡಿಸಿದಳು. ಆಮೇಲೆ ಮೇಲೆ ಬಂದು, ಆ ಕಲ್ಲಿದ್ದಲು ಉಳಿಯಲೆಂದು, ಹರಿದ ಚಪ್ಪಲಿಯೊಂದನ್ನು ಒಲೆಗೆ ತುರುಕಿದಳು.